ಒಂದನೇ ಕ್ಲಾಸಿಗೆ ಖಾಸಗಿ ಶಾಲೆ: ಪ್ರಾಸ್ಪೆಕ್ಟಸ್ ಬದಿಗಿಟ್ಟು ನೋಡಬೇಕಾದದ್ದು

ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಮುಂದಿನ ಜೂನ್‌ನ ಸೀಟಿಗೆ ಈ ವರ್ಷದ ದಸರಾ ಹೊತ್ತಿಗೇ ಓಡಾಟ ಶುರುವಾಗಿರುತ್ತದೆ. ಆ ಗಡಿಬಿಡಿಯಲ್ಲಿ ಅಪ್ಪ ಅಮ್ಮಂದಿರ ಮೊದಲ ಪ್ರಶ್ನೆ ಒಂದೇ: ಸ್ಟೇಟ್ ಸಿಲಬಸ್ಸೋ, ಸಿಬಿಎಸ್‌ಇಯೋ, ಐಸಿಎಸ್‌ಇಯೋ? ಒಂದರಿಂದ ಐದನೇ ತರಗತಿಯ ಮಟ್ಟಿಗೆ ಅದನ್ನು ಕೊನೆಯಲ್ಲಿ ಕೇಳಿದರೂ ನಡೆಯುತ್ತದೆ. ಮೂರೂ ಮಂಡಳಿಗಳ ಪಬ್ಲಿಕ್ ಪರೀಕ್ಷೆ ಎದುರಾಗುವುದು ಹತ್ತನೇ ತರಗತಿಯಲ್ಲಿ. ಅಲ್ಲಿಯವರೆಗೆ, ಅದರಲ್ಲೂ ಕೆಳಗಿನ ತರಗತಿಗಳಲ್ಲಿ, ಯಾವ ಪುಸ್ತಕ, ಎಷ್ಟು ಪಾಠ, ಹೇಗೆ ಪರೀಕ್ಷೆ ಎಂಬುದನ್ನು ಸಿಬಿಎಸ್‌ಇ, ಐಸಿಎಸ್‌ಇ ಹೆಸರಿನ ಖಾಸಗಿ ಶಾಲೆಗಳು ಬಹುಮಟ್ಟಿಗೆ ತಾವೇ ತೀರ್ಮಾನಿಸುತ್ತವೆ. ಹಾಗಾಗಿ ಒಂದೇ ಬೋರ್ಡಿನ ಎರಡು ಶಾಲೆಗಳ ನಡುವಿನ ವ್ಯತ್ಯಾಸ, ಎರಡು ಬೋರ್ಡುಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು. ಹೊರರಾಜ್ಯಕ್ಕೆ ವರ್ಗವಾಗುವ ಕೆಲಸದಲ್ಲಿರುವವರಿಗೆ ಸಿಬಿಎಸ್‌ಇ ಅನುಕೂಲ, ನಿಜ. ಉಳಿದವರು ಬೋರ್ಡನ್ನು ಆಚೆಗಿಟ್ಟು ನಾಲ್ಕು ವಿಷಯ ನೋಡಬೇಕು: ಶಾಲೆಯ ಕಾಗದಪತ್ರ, ಐದು ವರ್ಷದ ಒಟ್ಟು ಖರ್ಚು, ಒಂದರಿಂದ ಮೂರನೇ ತರಗತಿಗೆ ಪಾಠ ಮಾಡುವವರು ಯಾರು, ಮಗು ದಿನಕ್ಕೆ ಎಷ್ಟು ಹೊತ್ತು ವ್ಯಾನಿನಲ್ಲಿ ಕೂರುತ್ತದೆ. ನಾಲ್ಕನ್ನೂ ಹೊರಗಿನವರು ಪರಿಶೀಲಿಸಬಹುದು. ಪ್ರಾಸ್ಪೆಕ್ಟಸ್‌ನಲ್ಲಿ ನಾಲ್ಕೂ ಸಿಗುವುದಿಲ್ಲ.

ಮೊದಲು ವಯಸ್ಸಿನ ಲೆಕ್ಕ

ಕರ್ನಾಟಕದಲ್ಲಿ ಒಂದನೇ ತರಗತಿಗೆ ಸೇರಲು ಆ ವರ್ಷದ ಜೂನ್ 1ಕ್ಕೆ ಮಗುವಿಗೆ 6 ವರ್ಷ ತುಂಬಿರಬೇಕು ಎಂಬುದು ನಿಯಮ. 2022ರಲ್ಲಿ ಹೊರಟ ಆದೇಶ ಇದು. ಜಾರಿ ಮುಂದೆ ಹೋಗುತ್ತ ಬಂದು, 2025-26ನೇ ಸಾಲಿಗೆ ಯುಕೆಜಿ ಮುಗಿಸಿದ ಮಕ್ಕಳಿಗೆ 5 ವರ್ಷ 5 ತಿಂಗಳಾಗಿದ್ದರೆ ಸಾಕು ಎಂದು ಸರ್ಕಾರ ಸಡಿಲಿಕೆ ಕೊಟ್ಟಿತು. ಅಂಥ ಸಡಿಲಿಕೆಯನ್ನು ನಂಬಿ ಎಲ್‌ಕೆಜಿಗೆ ಸೇರಿಸಬೇಡಿ. ಲೆಕ್ಕವನ್ನು ಹಿಂದಿನಿಂದ ಹಾಕಿ: ಒಂದನೇ ತರಗತಿಗೆ 6 ಎಂದರೆ ಯುಕೆಜಿಗೆ 5, ಎಲ್‌ಕೆಜಿಗೆ 4. ಆಗಸ್ಟ್‌ನಲ್ಲಿ ಹುಟ್ಟಿದ ಮಗುವನ್ನು "ಪರವಾಗಿಲ್ಲ, ತಗೊಳ್ತೀವಿ" ಎಂದು ಮೂರು ಮುಕ್ಕಾಲು ವರ್ಷಕ್ಕೇ ಎಲ್‌ಕೆಜಿಗೆ ಸೇರಿಸಿಕೊಳ್ಳುವ ಶಾಲೆ, ಎರಡು ವರ್ಷ ಫೀ ತೆಗೆದುಕೊಂಡ ಮೇಲೆ "ಸರ್ಕಾರದ ರೂಲ್ಸ್, ಯುಕೆಜಿ ಇನ್ನೊಂದ್ಸಲ ಮಾಡಿಸಿ" ಎನ್ನುತ್ತದೆ. ಜೊತೆಯವರೆಲ್ಲ ಮುಂದೆ ಹೋಗಿ ತಾನೊಬ್ಬ ಹಿಂದುಳಿದದ್ದು ಐದು ವರ್ಷದ ಮಗುವಿಗೂ ಗೊತ್ತಾಗುತ್ತದೆ. ಸಡಿಲಿಕೆ ಸಿಕ್ಕಿತೆಂದು ಆರು ತಿಂಗಳು ಮೊದಲೇ ದೂಡುವುದಕ್ಕಿಂತ ಒಂದು ವರ್ಷ ತಡವಾಗಿ ಸೇರಿಸುವುದು ಬಹುತೇಕ ಮಕ್ಕಳಿಗೆ ಒಳ್ಳೆಯದು. ಪೆನ್ಸಿಲ್ ಹಿಡಿಯುವ ಬೆರಳಿನ ಬಲ, ಗಂಟೆಗಟ್ಟಲೆ ಕೂರುವ ತಾಳ್ಮೆ ಎರಡಕ್ಕೂ ಆ ಆರು ತಿಂಗಳು ಬೇಕು.

ಕಾಗದಪತ್ರ

ಶಾಲೆಯ ಆಫೀಸಿನಲ್ಲಿ ಕೇಳಬೇಕಾದ ಮೊದಲ ಕಾಗದ ಶಿಕ್ಷಣ ಇಲಾಖೆಯ ಮಾನ್ಯತೆ ಪತ್ರ. ಅದರಲ್ಲಿ ಐದು ಸಂಗತಿ ಓದಿ. ಮಾನ್ಯತೆ ಯಾವ ತರಗತಿಯವರೆಗೆ: ಕಿರಿಯ ಪ್ರಾಥಮಿಕಕ್ಕೆ ಮಾತ್ರವೋ, ಹಿರಿಯ ಪ್ರಾಥಮಿಕಕ್ಕೂ ಇದೆಯೋ. ಯಾವ ಮಾಧ್ಯಮಕ್ಕೆ: ಕನ್ನಡ ಮಾಧ್ಯಮಕ್ಕೆ ಅನುಮತಿ ಪಡೆದು ಇಂಗ್ಲಿಷ್ ಮಾಧ್ಯಮ ನಡೆಸುವುದು ನಮ್ಮ ರಾಜ್ಯದ ಹಳೆಯ ಕಥೆ. ಯಾವ ವಿಳಾಸಕ್ಕೆ: ಹಳೆಯ ಕಟ್ಟಡದ ಮಾನ್ಯತೆಯಲ್ಲೇ ಹೊಸ ಬಡಾವಣೆಯಲ್ಲಿ ಶಾಖೆ ತೆರೆದವರಿದ್ದಾರೆ. ಯಾವ ವರ್ಷದವರೆಗೆ: ನವೀಕರಣ ಆಗಿದೆಯೋ ಇಲ್ಲವೋ. ಕೊನೆಯದು, ಯಾವ ಟ್ರಸ್ಟ್ ಅಥವಾ ಸೊಸೈಟಿಯ ಹೆಸರಿನಲ್ಲಿ: ಫೀ ರಸೀದಿಯಲ್ಲೂ ಅದೇ ಹೆಸರಿರಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ಪ್ರಕಾರ ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ 1 ಲಕ್ಷ ರೂಪಾಯಿವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ 10,000. ದಂಡ ಕಟ್ಟುವುದು ಆಡಳಿತ ಮಂಡಳಿ, ಅತಂತ್ರವಾಗುವುದು ಮಗು.

ಎರಡನೆಯದು ಯು-ಡೈಸ್ ಕೋಡ್, ಅಂದರೆ ಪ್ರತಿ ಶಾಲೆಗೂ ಸರ್ಕಾರ ಕೊಡುವ ಗುರುತಿನ ಸಂಖ್ಯೆ. 11 ಅಂಕಿಯದು, ಕರ್ನಾಟಕದ ಶಾಲೆಗಳದ್ದು 29ರಿಂದ ಶುರು. ಯು-ಡೈಸ್ ಪ್ಲಸ್ ಜಾಲತಾಣದಲ್ಲಿ ಆ ಕೋಡ್ ಹಾಕಿದರೆ ಶಾಲೆಯ ಆಡಳಿತದ ಬಗೆ, ತರಗತಿಗಳು, ಶಿಕ್ಷಕರು, ಕೊಠಡಿ, ಶೌಚಾಲಯಗಳ ವಿವರ ಸಿಗುತ್ತದೆ. ಈ ವಿವರ ಶಾಲೆಯೇ ತುಂಬಿಸಿದ್ದು, ಹಾಗಾಗಿ ವೇದವಾಕ್ಯವಲ್ಲ. ಆದರೆ ಅಲ್ಲಿ ಬರೆದದ್ದಕ್ಕೂ ಕಣ್ಣೆದುರು ಕಾಣುವುದಕ್ಕೂ ತಾಳೆ ನೋಡಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಕೋಡ್ ಕೇಳಿದಾಗ "ಅದೆಲ್ಲ ಅಡ್ಮಿಷನ್ ಆದ ಮೇಲೆ" ಎಂದರೆ ಎದ್ದು ಬನ್ನಿ. ಮಾನ್ಯತೆಯಿಲ್ಲದ ಕೆಲವು ಶಾಲೆಗಳು ಮಕ್ಕಳ ಹೆಸರನ್ನು ಪಕ್ಕದ ಮಾನ್ಯತೆ ಇರುವ ಶಾಲೆಯ ಲೆಕ್ಕದಲ್ಲಿ ಸ್ಯಾಟ್ಸ್‌ಗೆ (ವಿದ್ಯಾರ್ಥಿಗಳ ದಾಖಲೆ ಇಡುವ ಶಿಕ್ಷಣ ಇಲಾಖೆಯ ತಂತ್ರಾಂಶ) ಸೇರಿಸಿರುತ್ತವೆ. ಓದಿದ್ದು ಒಂದು ಕಡೆ, ಟಿಸಿ ಬರುವುದು ಇನ್ನೊಂದು ಶಾಲೆಯ ಹೆಸರಿನಲ್ಲಿ. ಬೇರೆ ಊರಿಗೆ ಹೋಗುವಾಗ ಈ ತೊಡಕು ಬಯಲಾಗುತ್ತದೆ.

ಸಿಬಿಎಸ್‌ಇ ಎಂದು ಬೋರ್ಡು ಹಾಕಿಕೊಂಡಿದ್ದರೆ ಸಂಯೋಜನೆಯ (ಅಫಿಲಿಯೇಷನ್) ನಂಬರ್ ಕೇಳಿ. ಕರ್ನಾಟಕದ ಖಾಸಗಿ ಶಾಲೆಗಳಿಗೆ ಅದು 83ರಿಂದ ಶುರುವಾಗುವ ಆರು ಅಂಕಿಯ ಸಂಖ್ಯೆ. ಐಸಿಎಸ್‌ಇ ಆದರೆ ಕೆಎ ಅಕ್ಷರಗಳಿಂದ ಶುರುವಾಗುವ ಕೋಡ್. ಎರಡನ್ನೂ ಮಂಡಳಿಯ ಜಾಲತಾಣದಲ್ಲೇ ಹುಡುಕಬೇಕು, ಶಾಲೆಯ ಬ್ಯಾನರಿನಲ್ಲಲ್ಲ. ಸಂಯೋಜನೆ ಸಿಗುವುದು ಒಂದೊಂದು ಕ್ಯಾಂಪಸ್ಸಿಗೆ ಪ್ರತ್ಯೇಕವಾಗಿ. ಅದೇ ಸಂಸ್ಥೆಯ ಇನ್ನೊಂದು ಶಾಖೆಗೆ ಇದೆ ಎಂಬುದು ನಿಮ್ಮ ಶಾಖೆಗೆ ಆಗಿಬರುವುದಿಲ್ಲ. "ಸಿಬಿಎಸ್‌ಇ ಪ್ಯಾಟರ್ನ್", "ಸಿಬಿಎಸ್‌ಇ ಬೇಸ್ಡ್", "ಅಪ್ಲೈಡ್ ಫಾರ್" ಎಂಬ ಮಾತುಗಳೆಲ್ಲ ಸದ್ಯಕ್ಕೆ ಇಲ್ಲ ಎಂಬುದರ ಸಭ್ಯ ರೂಪ. ಹೊಸ ಶಾಲೆ ಮೊದಲು ರಾಜ್ಯದ ಮಾನ್ಯತೆ ಪಡೆದು, ನಿರಾಕ್ಷೇಪಣಾ ಪತ್ರ ತೆಗೆದುಕೊಂಡು ನಂತರ ಸಂಯೋಜನೆಗೆ ಹೋಗುವುದು ಸಹಜವೇ. ಹಾಗಂತ ನೇರವಾಗಿ ಹೇಳುವ ಶಾಲೆಯನ್ನು ಅನುಮಾನಿಸಬೇಕಿಲ್ಲ. ಮುಚ್ಚಿಟ್ಟು ಸಿಬಿಎಸ್‌ಇ ಫೀ ಕೇಳುವವರನ್ನು ನಂಬಬೇಕಿಲ್ಲ. ಅಂದಹಾಗೆ, ಹೆಸರಿನಲ್ಲಿ "ಇಂಟರ್‌ನ್ಯಾಷನಲ್" ಎಂದಿರುವುದಕ್ಕೂ ಪಠ್ಯಕ್ರಮಕ್ಕೂ ಯಾವ ಸಂಬಂಧವೂ ಇಲ್ಲ.

ಸಿಬಿಎಸ್‌ಇ ಶಾಲೆಗಳಿಗೆ ಇನ್ನೊಂದು ಕಟ್ಟುಪಾಡಿದೆ, ತುಂಬ ಜನ ಬಳಸಿಕೊಳ್ಳುವುದಿಲ್ಲ. ಕಟ್ಟಡ ಸುರಕ್ಷತೆ, ಅಗ್ನಿ ಸುರಕ್ಷತೆ, ನೀರು ಮತ್ತು ನೈರ್ಮಲ್ಯದ ಪ್ರಮಾಣಪತ್ರಗಳು, ಮಾನ್ಯತೆ, ಶಿಕ್ಷಕರ ಸಂಖ್ಯೆ ಇವೆಲ್ಲವನ್ನೂ ಶಾಲೆಯ ಜಾಲತಾಣದಲ್ಲಿ "ಮ್ಯಾಂಡೇಟರಿ ಪಬ್ಲಿಕ್ ಡಿಸ್‌ಕ್ಲೋಷರ್" ಎಂಬ ಪುಟದಲ್ಲಿ ಹಾಕಲೇಬೇಕು. ಆ ಪುಟ ತೆರೆದು ಅಗ್ನಿ ಸುರಕ್ಷತಾ ಪ್ರಮಾಣಪತ್ರದ ದಿನಾಂಕ ನೋಡಿ. ಅವಧಿ ಮುಗಿದು ಎರಡು ವರ್ಷವಾಗಿದ್ದರೆ ಉಳಿದದ್ದರ ಶಿಸ್ತೂ ಅಂದಾಜಾಗುತ್ತದೆ.

ಒಂದನೇ ತರಗತಿಗೆ ಸೇರಿಸಿಕೊಳ್ಳಲು ಮಗುವಿಗೋ ತಂದೆತಾಯಿಗೋ ಪರೀಕ್ಷೆ, ಸಂದರ್ಶನ ಮಾಡುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಇದನ್ನು ನಿಷೇಧಿಸುತ್ತದೆ: ಮೊದಲ ತಪ್ಪಿಗೆ 25,000 ರೂಪಾಯಿವರೆಗೆ, ನಂತರ ಪ್ರತಿ ಸಲ 50,000ವರೆಗೆ ದಂಡ. ಡೊನೇಶನ್ ತೆಗೆದುಕೊಂಡರೆ ಅದರ ಹತ್ತು ಪಟ್ಟಿನವರೆಗೆ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಮಾತ್ರ 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಈ ಕಾಯ್ದೆ ಅನ್ವಯಿಸುವುದಿಲ್ಲ. ವಾಸ್ತವದಲ್ಲಿ "ಇಂಟರಾಕ್ಷನ್" ಎಂಬ ಹೆಸರಿನಲ್ಲಿ ಎಲ್ಲ ಕಡೆಯೂ ಮಾತುಕತೆ ನಡೆಯುತ್ತದೆ. ಅದು ನಿಮಗೂ ಒಂದು ಅವಕಾಶ: ಮಗು ಉತ್ತರ ಹೇಳದೆ ಸುಮ್ಮನೆ ಕೂತಾಗ ಎದುರಿನ ಟೀಚರ್ ಏನು ಮಾಡುತ್ತಾರೆ, ನೋಡಿಕೊಳ್ಳಿ.

ಉಚಿತ ಸೀಟಿನ ಬಗ್ಗೆ ಒಂದೇ ಮಾತು. ಖಾಸಗಿ ಶಾಲೆಗಳ 25 ಶೇಕಡಾ ಆರ್‌ಟಿಇ ಸೀಟು ಕರ್ನಾಟಕದಲ್ಲಿ 2019ರ ನಿಯಮ ತಿದ್ದುಪಡಿಯ ನಂತರ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇಲ್ಲದ ಕಡೆ ಮಾತ್ರ ಸಿಗುತ್ತದೆ. ಪಟ್ಟಣಗಳಲ್ಲಿ ಅಂಥ ಜಾಗ ಅಪರೂಪ. "ಆರ್‌ಟಿಇ ಸೀಟು ಮಾಡಿಸಿಕೊಡ್ತೀನಿ" ಎಂದು ದುಡ್ಡು ಕೇಳುವವರನ್ನು ದೂರವಿಡಿ.

ದುಡ್ಡು: ಒಂದು ವರ್ಷದ್ದಲ್ಲ, ಐದು ವರ್ಷದ್ದು

ಶಾಲೆಗಳು ಹೇಳುವುದು ಟ್ಯೂಷನ್ ಫೀ ಮಾತ್ರ. ಕೈಬಿಟ್ಟು ಹೋಗುವುದು ಇವೆಲ್ಲ: ಪ್ರವೇಶ ಶುಲ್ಕ, ಡೆವಲಪ್‌ಮೆಂಟ್ ಫಂಡ್, ಕಾಶನ್ ಡೆಪಾಸಿಟ್, ಪುಸ್ತಕದ ಕಿಟ್, ಯೂನಿಫಾರ್ಮ್ ಮತ್ತು ಶೂ, ವ್ಯಾನ್, ಸ್ಮಾರ್ಟ್ ಕ್ಲಾಸ್ ಅಥವಾ ಆ್ಯಪ್ ಶುಲ್ಕ, ವಾರ್ಷಿಕೋತ್ಸವದ ಡ್ರೆಸ್ಸು, ಪಿಕ್ನಿಕ್, ಒಲಿಂಪಿಯಾಡ್. ಐಚ್ಛಿಕ ಎಂದು ಬರೆದಿರುವ ಅಬ್ಯಾಕಸ್, ರೋಬೋಟಿಕ್ಸ್ ತರಗತಿಗಳನ್ನು ಶಾಲಾ ಅವಧಿಯ ಒಳಗೇ ಇಟ್ಟಿದ್ದಾರಾ ಕೇಳಿ. ಇಟ್ಟಿದ್ದರೆ ಅದು ಐಚ್ಛಿಕವಲ್ಲ. ಸೇರದ ಮಗು ಆ ಪೀರಿಯಡ್‌ನಲ್ಲಿ ಎಲ್ಲಿ ಕೂರುತ್ತದೆ?

ಒಂದು ಸುಲಭ ಲೆಕ್ಕವಿದೆ. ವರ್ಷಕ್ಕೆ 10 ಶೇಕಡಾ ಏರುತ್ತದೆ ಎಂದಿಟ್ಟುಕೊಂಡರೆ, ಮೊದಲ ವರ್ಷದ ಮರುಕಳಿಸುವ ಖರ್ಚನ್ನು 6.1ರಿಂದ ಗುಣಿಸಿದರೆ ಒಂದರಿಂದ ಐದನೇ ತರಗತಿಯವರೆಗಿನ ಮೊತ್ತ ಬರುತ್ತದೆ. ಉದಾಹರಣೆಗೆ, ಒಂದು ಶಾಲೆಯ ಫೀ 60,000, ವ್ಯಾನ್ 24,000, ಪುಸ್ತಕ ಬಟ್ಟೆ 12,000, ಪ್ರವೇಶ ಶುಲ್ಕ ಒಮ್ಮೆ 25,000. ಇನ್ನೊಂದರ ಫೀ 80,000, ಮನೆಯಿಂದ ನಡೆದು ಹೋಗುವ ದೂರ, ಪುಸ್ತಕ ಬಟ್ಟೆ 8,000, ಪ್ರವೇಶ ಶುಲ್ಕ 15,000. ಐದು ವರ್ಷಕ್ಕೆ ಮೊದಲನೆಯದು ಸುಮಾರು 6.11 ಲಕ್ಷ, ಎರಡನೆಯದು 5.52 ಲಕ್ಷ. "60,000ದ ಶಾಲೆ" 80,000ದ ಶಾಲೆಗಿಂತ ತುಟ್ಟಿ. ಏರಿಕೆಯ ಪ್ರಮಾಣವನ್ನು ಆಫೀಸಿನಲ್ಲಿ ಕೇಳಿದರೆ "ನಾಮಿನಲ್" ಎನ್ನುತ್ತಾರೆ. ಅದೇ ಶಾಲೆಯಲ್ಲಿ ನಾಲ್ಕನೇ ತರಗತಿಯಲ್ಲಿರುವ ಮಗುವಿನ ಮನೆಯವರ ಬಳಿ ಮೂರು ವರ್ಷದ ರಸೀದಿ ಇರುತ್ತದೆ, ಅದನ್ನು ನೋಡಿ.

ಕಳೆದ ವರ್ಷದ ಪುಸ್ತಕದ ಪಟ್ಟಿಯನ್ನೂ ಕೇಳಿ. ಸ್ಟೇಟ್ ಸಿಲಬಸ್‌ನ ಪಠ್ಯಪುಸ್ತಕ, ಎನ್‌ಸಿಇಆರ್‌ಟಿ ಪುಸ್ತಕ ಎರಡೂ ಅಗ್ಗ. ಬೆಲೆ ಏರುವುದು ಖಾಸಗಿ ಪ್ರಕಾಶಕರ ವರ್ಕ್‌ಬುಕ್ಕುಗಳಿಂದ. ಉತ್ತರವನ್ನು ಪುಸ್ತಕದೊಳಗೇ ಬರೆಯುವ ಹಾಗಿದ್ದರೆ ಅಕ್ಕನ ಪುಸ್ತಕ ತಂಗಿಗೆ ಬರುವುದಿಲ್ಲ. ವರ್ಷ ವರ್ಷ ಪ್ರಕಾಶಕರನ್ನು ಬದಲಿಸುವ ಶಾಲೆಯಲ್ಲೂ ಅಷ್ಟೇ.

ಕಂತಿನ ಬಗ್ಗೆ ಎಚ್ಚರ. "ತಿಂಗಳು ತಿಂಗಳು ಕಟ್ಟಬಹುದು" ಎಂದು ಶಾಲೆ ಕೊಡುವ ಫಾರಂ ಕೆಲವೊಮ್ಮೆ ಹಣಕಾಸು ಸಂಸ್ಥೆಯೊಂದರ ಸಾಲದ ಅರ್ಜಿಯಾಗಿರುತ್ತದೆ. ಶಾಲೆಗೆ ಇಡೀ ವರ್ಷದ ಹಣ ಮೊದಲೇ ಸಂದಿರುತ್ತದೆ, ನೀವು ಕಟ್ಟುವುದು ಆ ಸಾಲದ ಇಎಂಐ. ಅಕ್ಟೋಬರ್‌ನಲ್ಲಿ ಮಗುವನ್ನು ಬಿಡಿಸಿದರೂ ಇಎಂಐ ನಿಲ್ಲುವುದಿಲ್ಲ, ತಪ್ಪಿಸಿದರೆ ಸಿಬಿಲ್ ಅಂಕ ಇಳಿಯುತ್ತದೆ. ಫಾರಂನಲ್ಲಿ ಪ್ಯಾನ್ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದ್ದರೆ ಅದು ಸಾಲ ಎಂದೇ ತಿಳಿಯಿರಿ. ಹಾಗೆಯೇ ಜೂನ್‌ಗೆ ಮೊದಲೇ ಸೀಟು ಬಿಟ್ಟರೆ ಎಷ್ಟು ವಾಪಸು ಎಂಬುದು ಬರವಣಿಗೆಯಲ್ಲಿರಲಿ. ಬಾಯಿಮಾತಿನ ಭರವಸೆ ಆಫೀಸಿನ ಸಿಬ್ಬಂದಿ ಬದಲಾಗುವವರೆಗೆ ಮಾತ್ರ. ರಸೀದಿಯಲ್ಲಿ ಬೋಧನಾ ಶುಲ್ಕವನ್ನು ಬೇರೆ ಸಾಲಿನಲ್ಲಿ ತೋರಿಸಲು ಹೇಳಿ: ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಒಂದೂವರೆ ಲಕ್ಷದ ಮಿತಿಯೊಳಗೆ ಸಿಗುವ ವಿನಾಯಿತಿ ಅದಕ್ಕೆ ಮಾತ್ರ, ವ್ಯಾನಿಗೂ ಡೊನೇಶನ್ನಿಗೂ ಇಲ್ಲ.

ಶಾಲೆಗೆ ಹೋಗಿ ನೋಡುವುದು

ಓಪನ್ ಹೌಸ್ ದಿನ ಹೋಗಬೇಡಿ. ಅಂದು ಎಲ್ಲ ಶಾಲೆಯೂ ಚೆಂದ. ಜುಲೈನಿಂದ ನವೆಂಬರ್ ಒಳಗಿನ ಯಾವುದಾದರೂ ಮಾಮೂಲಿ ದಿನ, ಮಳೆ ಇದ್ದರೆ ಇನ್ನೂ ಒಳ್ಳೆಯದು, ಮೊದಲ ಬ್ರೇಕ್ ಮುಗಿದ ಮೇಲೆ, ಹನ್ನೊಂದೂವರೆ ಹೊತ್ತಿಗೆ ಹೋಗಿ. ಮೊದಲು ನೋಡಬೇಕಾದದ್ದು ಚಿಕ್ಕ ಮಕ್ಕಳ ಶೌಚಾಲಯ, ಬ್ರೇಕ್ ಆದ ಹದಿನೈದು ನಿಮಿಷಕ್ಕೆ. ನಲ್ಲಿಯಲ್ಲಿ ನೀರು ಬರುತ್ತಿದೆಯಾ, ಮಗ್ ಇದೆಯಾ, ಚಿಲಕ ಆರು ವರ್ಷದ ಮಗುವಿನ ಕೈಗೆ ಎಟುಕುತ್ತದೆಯಾ, ಹತ್ತಿರದಲ್ಲಿ ಆಯಾ ಇದ್ದಾರಾ. ಸ್ವಚ್ಛ ವಿದ್ಯಾಲಯ ಮಾರ್ಗಸೂಚಿ ಹೇಳುವುದು 40 ಮಕ್ಕಳಿಗೆ ಒಂದು ಶೌಚಾಲಯ. 240 ಮಕ್ಕಳ ಮಹಡಿಯಲ್ಲಿ ಎರಡೇ ಇದ್ದರೆ ಉಳಿದವರು ತಡೆದುಕೊಳ್ಳುತ್ತಾರೆ. ತಡೆದುಕೊಳ್ಳಲು ನೀರು ಕುಡಿಯುವುದನ್ನೇ ಬಿಡುತ್ತಾರೆ. ತುಂಬಿ ಕಳಿಸಿದ ಬಾಟಲಿ ಸಂಜೆ ತುಂಬಿಯೇ ವಾಪಸು ಬರುತ್ತದೆ. ಮಲಬದ್ಧತೆ, ಮೂತ್ರದ ಸೋಂಕು ಅಲ್ಲಿಂದ ಶುರು. ಈ ಒಂದು ಕೋಣೆ ತೋರಿಸಲು ಹಿಂಜರಿಯುವ ಶಾಲೆಯ ಈಜುಕೊಳ ನೋಡುವ ಅಗತ್ಯವಿಲ್ಲ.

ನಂತರ ತರಗತಿ. ಬಾಗಿಲಲ್ಲಿ ನಿಂತು ತಲೆ ಎಣಿಸಿ. ಪ್ರಾಸ್ಪೆಕ್ಟಸ್‌ನಲ್ಲಿ "ಶಿಕ್ಷಕ ವಿದ್ಯಾರ್ಥಿ ಅನುಪಾತ 1:20" ಎಂದಿರುತ್ತದೆ, ಕೋಣೆಯಲ್ಲಿ 45 ಮಕ್ಕಳಿರುತ್ತಾರೆ. ಎರಡೂ ಏಕಕಾಲಕ್ಕೆ ನಿಜವಾಗಿರಬಹುದು: ಅನುಪಾತಕ್ಕೆ ಪಿಟಿ, ಸಂಗೀತ, ಕಂಪ್ಯೂಟರ್, ಡ್ರಾಯಿಂಗ್ ಮೇಷ್ಟ್ರು, ಕೋಆರ್ಡಿನೇಟರ್ ಎಲ್ಲರನ್ನೂ ಸೇರಿಸಿ ಭಾಗಿಸಿರುತ್ತಾರೆ. ಹಾಗಾಗಿ ಅನುಪಾತ ಕೇಳಬೇಡಿ, "ಒಂದನೇ ತರಗತಿಯ ಒಂದು ಸೆಕ್ಷನ್‌ನಲ್ಲಿ ಈಗ ಎಷ್ಟು ಮಕ್ಕಳು, ಕನ್ನಡ ಪಾಠದ ಹೊತ್ತಿಗೆ ಒಳಗೆ ಎಷ್ಟು ಜನ ದೊಡ್ಡವರು" ಎಂದು ಕೇಳಿ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಒಂದರಿಂದ ಐದಕ್ಕೆ 30 ಮಕ್ಕಳಿಗೆ ಒಬ್ಬ ಶಿಕ್ಷಕ ಎನ್ನುತ್ತದೆ. ಸಿಬಿಎಸ್‌ಇ ನಿಯಮದಲ್ಲಿ ಸೆಕ್ಷನ್‌ಗೆ 40, ಕೋಣೆ ಕನಿಷ್ಠ 500 ಚದರಡಿ. ಅಂದರೆ ಸುಮಾರು 20 ಅಡಿಗೆ 25 ಅಡಿ. ಹೆಜ್ಜೆ ಹಾಕಿಯೇ ಅಳೆಯಬಹುದು. ಒಂದನೇ ತರಗತಿಯ ಬರವಣಿಗೆ ತಿದ್ದಲು ಒಂದು ಮಗುವಿಗೆ ಒಂದು ನಿಮಿಷ ಎಂದರೂ 45 ಮಕ್ಕಳಿಗೆ ಇಡೀ ಪೀರಿಯಡ್ ಹೋಗುತ್ತದೆ. ಅದಕ್ಕೇ ಅಂಥ ಕಡೆ ತಿದ್ದುವುದು ಬಿಟ್ಟು ಟಿಕ್ ಹಾಕುತ್ತಾರೆ.

ಆ ಟಿಕ್ ಕಾಣುವುದು ನೋಟ್‌ಬುಕ್ಕಿನಲ್ಲಿ. ಶಾಲೆ ನೋಡಲು ಒಂದೇ ವಸ್ತು ಸಾಕು ಎಂದರೆ ಎರಡನೇ ಅಥವಾ ಮೂರನೇ ತರಗತಿಯ ಮಗುವಿನ ನೋಟ್‌ಬುಕ್, ಪ್ರದರ್ಶನಕ್ಕೆ ಇಟ್ಟದ್ದಲ್ಲ, ಪಕ್ಕದ ಮನೆಯ ಮಗುವಿನದ್ದು. ಒಂದೇ ತರಗತಿಯ ಇಬ್ಬರದು ಸಿಕ್ಕರೆ ಅಕ್ಕಪಕ್ಕ ಇಡಿ. "ನನ್ನ ಊರು" ಎಂಬ ಐದು ವಾಕ್ಯ ಇಬ್ಬರಲ್ಲೂ ಅಕ್ಷರಶಃ ಒಂದೇ ಇದ್ದರೆ ಅದು ಹಲಗೆಯಿಂದ ಇಳಿಸಿಕೊಂಡದ್ದು. ತಪ್ಪು ಪದದ ಮೇಲೂ ಕೆಂಪು ಟಿಕ್ ಬಿದ್ದಿದೆಯಾ? ತಪ್ಪಿನ ಕೆಳಗೆ ಸರಿ ರೂಪ ಬರೆಸಿದ್ದಾರಾ, ಇಲ್ಲ ಅದೇ ತಪ್ಪು ಹತ್ತು ಸಲ ಬರೆಸಿದ್ದಾರಾ? ಗಣಿತದಲ್ಲಿ ಬರೀ ಕೂಡುವ ಕಳೆಯುವ ಸಾಲುಗಳೋ, ಮಾತಿನ ಲೆಕ್ಕ ಮತ್ತು ಚಿತ್ರವೂ ಇವೆಯೋ? ಕನ್ನಡದ ಪುಸ್ತಕದಲ್ಲಿ ಮಗು ತಾನೇ ಕಟ್ಟಿದ ಒಂದಾದರೂ ವಾಕ್ಯವಿದ್ದರೆ, ಒತ್ತಕ್ಷರ ತಪ್ಪಿದ್ದರೂ ಸರಿ, ಅದು ಒಳ್ಳೆಯ ಲಕ್ಷಣ. ಒಂದೂ ತಪ್ಪಿಲ್ಲದ, ಮುತ್ತು ಪೋಣಿಸಿದಂಥ ಅಕ್ಷರದ ನೋಟ್‌ಬುಕ್ ಎರಡನೇ ತರಗತಿಯಲ್ಲಿ ಅನುಮಾನಕ್ಕೆ ಜಾಗ.

ಬ್ಯಾಗನ್ನೂ ಎತ್ತಿ ನೋಡಿ. ರಾಜ್ಯದ 2019ರ ಸುತ್ತೋಲೆಯ ಪ್ರಕಾರ ಒಂದು ಮತ್ತು ಎರಡನೇ ತರಗತಿಗೆ ಒಂದೂವರೆಯಿಂದ 2 ಕೆಜಿ, ಮೂರರಿಂದ ಐದಕ್ಕೆ 2ರಿಂದ 3 ಕೆಜಿ. ಕೇಂದ್ರದ 2020ರ ಬ್ಯಾಗ್ ನೀತಿ ಎರಡನೇ ತರಗತಿಯವರೆಗೆ ಹೋಮ್‌ವರ್ಕ್ ಬೇಡ ಎನ್ನುತ್ತದೆ, ಮೂರರಿಂದ ಐದಕ್ಕೆ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆ. ಇದನ್ನು ಮೀರದ ಖಾಸಗಿ ಶಾಲೆ ಕಡಿಮೆ, ಒಪ್ಪುತ್ತೇನೆ. ಆದರೆ ಎಷ್ಟು ಮೀರಿದ್ದಾರೆ ಎಂಬುದರಲ್ಲಿ ಶಾಲೆ ಶಾಲೆಗೆ ಅಜಗಜಾಂತರ.

ಟೀಚರುಗಳ ವಿಷಯದಲ್ಲಿ ಓದಿಗಿಂತ ಉಳಿಯುವಿಕೆ ಮುಖ್ಯ, ಆದರೆ ಓದನ್ನೂ ಕೇಳಿ. ಒಂದರಿಂದ ಐದಕ್ಕೆ ಪಾಠ ಮಾಡಲು ಬೇಕಾದದ್ದು ಡಿ.ಎಲ್.ಎಡ್, ನಮ್ಮಲ್ಲಿ ಜನ ಈಗಲೂ ಡಿ.ಎಡ್ ಅನ್ನುತ್ತಾರೆ. ಬಿ.ಎಡ್ ಆದವರು ಪ್ರಾಥಮಿಕ ಹಂತಕ್ಕೆ ಅರ್ಹರಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿದೆ. "ನಮ್ಮಲ್ಲಿ ಎಲ್ಲರೂ ಎಂ.ಎಸ್ಸಿ, ಬಿ.ಎಡ್" ಎಂದು ಹೆಮ್ಮೆ ಪಡುವ ಶಾಲೆಗೆ ಆರು ವರ್ಷದ ಮಗುವಿಗೆ ಓದು ಕಲಿಸುವುದೇ ಬೇರೆ ವಿದ್ಯೆ ಎಂದು ಹೊಳೆದಿಲ್ಲ. ಇನ್ನು ಉಳಿಯುವಿಕೆ: "ಮೂರು ವರ್ಷದ ಹಿಂದೆ ಒಂದು, ಎರಡನೇ ತರಗತಿಗೆ ಇದ್ದ ಮಿಸ್‌ಗಳಲ್ಲಿ ಈಗ ಎಷ್ಟು ಜನ ಇದ್ದಾರೆ?" ಪ್ರಿನ್ಸಿಪಾಲರ ಬದಲು ಗೇಟಿನ ವಾಚ್‌ಮನ್, ವ್ಯಾನಿನ ಡ್ರೈವರ್, ಶಾಲೆ ಬಿಡುವ ಹೊತ್ತಿಗೆ ಹೊರಗೆ ಕಾಯುವ ಅಜ್ಜಿಯರು ಸರಿಯಾದ ಉತ್ತರ ಕೊಡುತ್ತಾರೆ. ನವೆಂಬರ್‌ನಲ್ಲಿ "ಪ್ರೈಮರಿ ಟೀಚರ್ ಬೇಕಾಗಿದ್ದಾರೆ, ತಕ್ಷಣ" ಎಂಬ ಜಾಹೀರಾತು ಕಂಡರೆ ಯಾವುದೋ ತರಗತಿ ವರ್ಷದ ನಡುವೆ ಮಿಸ್ ಇಲ್ಲದೆ ಕೂತಿದೆ ಎಂದರ್ಥ. ಹತ್ತಾರು ಸಾವಿರಕ್ಕೆ ದುಡಿಯುವ ಟೀಚರ್ ಎರಡು ಸಾವಿರ ಹೆಚ್ಚು ಸಿಕ್ಕ ಕಡೆ ಹೋಗುವುದು ಅವರ ತಪ್ಪಲ್ಲ. ಸಂಬಳವೆಲ್ಲ ಮುಖಮಂಟಪದ ಗ್ರಾನೈಟಿಗೆ ಸುರಿದ ಶಾಲೆಯಲ್ಲಿ ಇದು ಹೆಚ್ಚು.

ಕನ್ನಡ, ಇಂಗ್ಲಿಷ್

ಮನೆಯಲ್ಲಿ ಕನ್ನಡವೋ ತುಳುವೋ ಕೊಂಕಣಿಯೋ ಉರ್ದುವೋ ಆಡಿ ಬೆಳೆದ ಮಗು ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವಾಗ ನೋಡಬೇಕಾದದ್ದು ಒಂದು: ಮಗುವಿಗೆ ಅರ್ಥವಾಗದಿದ್ದಾಗ ಮಿಸ್ ಅದರ ಮಾತಿನಲ್ಲಿ ಹೇಳುತ್ತಾರಾ? ಕನ್ನಡ ಆಡಿದರೆ ದಂಡ, ಕೊರಳಿಗೆ ಬೋರ್ಡು ಇರುವ ಶಾಲೆ ಇಂಗ್ಲಿಷ್ ಕಲಿಸುವುದಿಲ್ಲ, ಬಾಯಿ ಮುಚ್ಚಿಸುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ, ಇದು ಅದರೊಳಗೇ ಬರುತ್ತದೆ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯ ಪ್ರಕಾರ ಯಾವ ಮಂಡಳಿಯ ಶಾಲೆಯಾದರೂ ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಲೇಬೇಕು. ವಾರಕ್ಕೆ ಎಷ್ಟು ಪೀರಿಯಡ್, ಕಲಿಸುವವರು ಕನ್ನಡಕ್ಕೆಂದೇ ಇರುವವರಾ, ಇಲ್ಲ ಬಿಡುವಿದ್ದವರಾ, ಮೂರನೇ ತರಗತಿಯ ಮಗು ಹೊಸ ಕನ್ನಡ ಪ್ಯಾರಾ ಓದುತ್ತದಾ ಎಂದು ಕೇಳಿ. ಎಲ್‌ಕೆಜಿಯಲ್ಲೇ ಮೂರು ಲಿಪಿ ಬರೆಸುವ ಶಾಲೆಯನ್ನು ಹೊಗಳುವವರು ತುಂಬ. ಅಲ್ಲಿನ ಮಕ್ಕಳು ಮೂರರಲ್ಲೂ ಅಕ್ಷರ ಬಿಡಿಸುತ್ತಾರೆ, ಓದುವುದು ಒಂದರಲ್ಲೂ ಇರುವುದಿಲ್ಲ.

ವ್ಯಾನು

ದೂರವನ್ನು ಕಿಲೋಮೀಟರಿನಲ್ಲಿ ಕೇಳಬೇಡಿ, ನಿಮ್ಮ ಸ್ಟಾಪ್ ಎಷ್ಟನೆಯದು ಎಂದು ಕೇಳಿ. ಬೆಳಿಗ್ಗೆ ಮೊದಲು ಹತ್ತಿಸಿಕೊಳ್ಳುವುದು ದೂರದ ಮಗುವನ್ನು, ಸಂಜೆ ಕೊನೆಗೆ ಇಳಿಸುವುದೂ ಅದನ್ನೇ. ನಾಲ್ಕು ಕಿಲೋಮೀಟರ್ ದೂರದ ಮಗು ಸುತ್ತು ಹಾಕಿ ಒಂದು ಗಂಟೆ ಕೂರುವುದುಂಟು. ಒಂದನೇ ತರಗತಿಗೆ ಒಂದು ಕಡೆಗೆ 30 ನಿಮಿಷ ಆರಾಮ, 45 ಮೀರಿದರೆ ಸಂಜೆಯ ಆಟ ಹೋಯಿತು. ತಾಲ್ಲೂಕು ಕೇಂದ್ರದ ಶಾಲೆಗೆ 20 ಕಿಲೋಮೀಟರ್ ಆಚೆಯ ಹಳ್ಳಿಗಳಿಂದ ಬರುವ ಮಕ್ಕಳು ಆರೂವರೆಗೆ ಎದ್ದು ತಿಂಡಿ ಬಿಟ್ಟು ಹೊರಡುತ್ತಾರೆ; ಹತ್ತು ಗಂಟೆಗೆ ತೂಕಡಿಸುವವರು ಇವರೇ. ಇಂಥವರ ಊರ ಹತ್ತಿರ ಇಂಗ್ಲಿಷ್ ವಿಭಾಗವೂ ಇರುವ, ಸರ್ಕಾರವೇ ನಡೆಸುವ ಕರ್ನಾಟಕ ಪಬ್ಲಿಕ್ ಸ್ಕೂಲ್ ಇದ್ದರೆ ಅದನ್ನೂ ಪಟ್ಟಿಯಲ್ಲಿ ಇಡಿ, ಮೇಲಿನ ಪರೀಕ್ಷೆಗಳನ್ನೇ ಅದಕ್ಕೂ ಮಾಡಿ.

ವಾಹನದಲ್ಲಿ ನೋಡಬೇಕಾದದ್ದು: ಹಳದಿ ಬಣ್ಣ, ಹಿಂದೆ ಮುಂದೆ "ಶಾಲಾ ವಾಹನ" ಅಥವಾ ಬಾಡಿಗೆಯದಾದರೆ "ಶಾಲಾ ಕರ್ತವ್ಯದಲ್ಲಿ" ಎಂಬ ಬರಹ, ಶಾಲೆಯ ಹೆಸರು ಫೋನ್ ನಂಬರ್, ಕಿಟಕಿಗೆ ಅಡ್ಡಸರಳು, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಬೆಂಕಿ ಆರಿಸುವ ಸಿಲಿಂಡರ್, ವೇಗ ನಿಯಂತ್ರಕ, ಇಳಿಸಿ ಹತ್ತಿಸಲು ಒಬ್ಬ ಸಹಾಯಕಿ. "ವ್ಯಾನು ನಮ್ಮದಲ್ಲ, ಪೇರೆಂಟ್ಸೇ ಮಾಡ್ಕೊಂಡಿರೋದು" ಎಂದು ಶಾಲೆ ಕೈತೊಳೆದುಕೊಂಡರೆ ಗೇಟಿನ ಒಳಗೆ ವಾಹನ ನಿಲ್ಲಲು ಜಾಗವಿದೆಯಾ ನೋಡಿ. ಚಿಕ್ಕ ಮಕ್ಕಳಿಗೆ ಅಪಾಯ ರಸ್ತೆಯಲ್ಲಿ ಓಡುವಾಗಿನಷ್ಟೇ ಗೇಟಿನ ಮುಂದೆ ವಾಹನ ಹಿಂದಕ್ಕೆ ತೆಗೆಯುವಾಗಲೂ ಇದೆ. ಸಿಸಿ ಕ್ಯಾಮೆರಾ ಎಷ್ಟಿವೆ ಎನ್ನುವುದಕ್ಕಿಂತ ಮಗುವನ್ನು ಯಾರ ಕೈಗೆ ಕೊಡುತ್ತಾರೆ, ಗುರುತಿನ ಚೀಟಿ ಇಲ್ಲದೆ ಚಿಕ್ಕಪ್ಪ ಬಂದರೆ ಏನು ಮಾಡುತ್ತಾರೆ ಎಂದು ಕೇಳಿ. ಥಟ್ಟನೆ ಉತ್ತರ ಬಂದರೆ ಅಲ್ಲೊಂದು ಪದ್ಧತಿಯಿದೆ. ಸುರಕ್ಷತೆಯ ದೂರಿಗೆ ಮಕ್ಕಳ ಸಹಾಯವಾಣಿ 1098, ಮಾನ್ಯತೆ ಮತ್ತು ಡೊನೇಶನ್ ದೂರಿಗೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ), ಅಲ್ಲಿ ಆಗದಿದ್ದರೆ ಜಿಲ್ಲೆಯ ಉಪನಿರ್ದೇಶಕರು (ಡಿಡಿಪಿಐ).

ಅರ್ಜಿ ತುಂಬುವಾಗ

ಜನನ ಪ್ರಮಾಣಪತ್ರ, ಆಧಾರ್, ಲಸಿಕೆ ಕಾರ್ಡು, ಫೋಟೊ, ಬೇಕಿದ್ದರೆ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಎರಡನೇ ತರಗತಿಯಿಂದ ಮೇಲೆ ಸೇರುವವರಿಗೆ ಹಿಂದಿನ ಶಾಲೆಯ ಟಿಸಿ ಮತ್ತು ಸ್ಯಾಟ್ಸ್ ನಂಬರ್. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 14ನೇ ಸೆಕ್ಷನ್ ಇದೆ. ಖಾಸಗಿ ಶಾಲೆಯಿಂದ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುವಾಗ ಟಿಸಿ ತಡವಾಯಿತೆಂದು ಸೇರಿಸಿಕೊಳ್ಳದಿರುವಂತೆಯೂ ಇಲ್ಲ. ಫೀ ಬಾಕಿಗೆ ಟಿಸಿ ಹಿಡಿದಿಟ್ಟುಕೊಳ್ಳುವ ಶಾಲೆಗಳ ಎದುರು ಇದು ನೆನಪಿರಲಿ.

ಹೆಚ್ಚು ತೊಂದರೆ ಕೊಡುವುದು ಹೆಸರಿನ ಕಾಗುಣಿತ. ಶಾಲೆಯ ದಾಖಲಾತಿ ಪುಸ್ತಕಕ್ಕೆ ಮತ್ತು ಸ್ಯಾಟ್ಸ್‌ಗೆ ಒಂದನೇ ತರಗತಿಯಲ್ಲಿ ಹೋಗುವ ಹೆಸರೇ ಮುಂದೆ ಹತ್ತನೇ ತರಗತಿಯ ಅಂಕಪಟ್ಟಿಗೂ ಪಾಸ್‌ಪೋರ್ಟಿಗೂ ಆಧಾರ. ಜನನ ಪ್ರಮಾಣಪತ್ರದಲ್ಲಿ ಇನಿಷಿಯಲ್ ಹಿಂದಿದ್ದು ಆಧಾರ್‌ನಲ್ಲಿ ಮುಂದಿದ್ದರೆ, ಒಂದರಲ್ಲಿ ಅಪ್ಪನ ಪೂರ್ತಿ ಹೆಸರು ಇನ್ನೊಂದರಲ್ಲಿ ಬರೀ ಅಕ್ಷರವಿದ್ದರೆ, ಅರ್ಜಿ ಕೊಡುವ ಮೊದಲೇ ಆಧಾರ್ ಸರಿಪಡಿಸಿಕೊಳ್ಳಿ. ಕನ್ನಡದಲ್ಲಿ ಮತ್ತು ಇಂಗ್ಲಿಷಿನಲ್ಲಿ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೊಡಿ, ಗುಮಾಸ್ತರು ಟೈಪ್ ಮಾಡಿದ ಮೇಲೆ ಪರದೆಯಲ್ಲೋ ಪ್ರಿಂಟಿನಲ್ಲೋ ಒಮ್ಮೆ ಓದಿ, ಹುಟ್ಟಿದ ದಿನಾಂಕವನ್ನೂ ತಾಳೆ ನೋಡಿ, ಆಮೇಲೆ ಸಹಿ ಹಾಕಿ.